ಶರಾವತಿ ಮತ್ತು ಐದು ಅಂಕದ ಪ್ರಶ್ನೆ

ನನ್ನ ತರಗತಿಯಲ್ಲಿ ಕುಳಿತು ಭೂಗೋಳ ಕಲಿತವರಿಗೆಲ್ಲ ಆ ಚಿತ್ರ ನೆನಪಿರಬಹುದು. ಕರಿಹಲಗೆಯ ಎಡ ಮೂಲೆಯಲ್ಲಿ ಮೂರು ಬೆಟ್ಟಗಳು, ಅವುಗಳ ನಡುವಿನಿಂದ ಇಳಿಯುವ ಎರಡು ಗೆರೆಗಳು, ಹಲಗೆಯ ಮಧ್ಯದಲ್ಲಿ ಹಾವಿನಂತೆ ಹೊರಳುವ ನದಿ, ಬಲತುದಿಯಲ್ಲಿ ಕವಲೊಡೆದು ಕಡಲು ಸೇರುವ ಒಂದು ತ್ರಿಕೋನ. ಬೆಟ್ಟಕ್ಕೆ ಕಂದು ಸೀಮೆಸುಣ್ಣ, ನೀರಿಗೆ ನೀಲಿ. 1985ರಲ್ಲಿ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ವರ್ಷದಿಂದ 2020ರಲ್ಲಿ ನಿವೃತ್ತನಾಗುವವರೆಗೆ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ನಾಲ್ಕು ಶಾಲೆಗಳಲ್ಲಿ, ಈ ಚಿತ್ರವನ್ನು ನಾನು ಎಷ್ಟು ಬಾರಿ ಬರೆದೆನೋ ಲೆಕ್ಕವಿಲ್ಲ. ಕಣ್ಣು ಮುಚ್ಚಿದರೂ ಕೈ ತಾನಾಗಿಯೇ ಬರೆಯುತ್ತಿತ್ತು. ಈಗ ಯೋಚಿಸಿದರೆ ಅದೇ ದೋಷವಾಯಿತೆಂದು ತೋರುತ್ತದೆ.

ಪಾಠದ ಸಾರ ಇಷ್ಟು. ನದಿ ಮೂರು ಕೆಲಸ ಮಾಡುತ್ತದೆ: ಸವೆಸುತ್ತದೆ, ಸಾಗಿಸುತ್ತದೆ, ಸಂಚಯಿಸುತ್ತದೆ. ಮೇಲ್ಕಣಿವೆಯಲ್ಲಿ ಅದಕ್ಕೆ ಯೌವನ. ಇಳಿಜಾರು ಕಡಿದಾಗಿರುವುದರಿಂದ ನೀರು ರಭಸವಾಗಿ ನುಗ್ಗುತ್ತದೆ, ಉರುಳುವ ಕಲ್ಲುಗಳೇ ಅದರ ಉಳಿ. ತಳವನ್ನು ಕೊರೆದು ‘ವಿ’ ಆಕಾರದ ಕಣಿವೆಯನ್ನೂ ಕಮರಿಯನ್ನೂ ಜಲಪಾತವನ್ನೂ ನಿರ್ಮಿಸುತ್ತದೆ. ನಡುಕಣಿವೆಯಲ್ಲಿ ಪ್ರೌಢಾವಸ್ಥೆ. ಕೆಳಕ್ಕೆ ಕೊರೆಯುವುದು ಕಡಿಮೆಯಾಗಿ ಪಕ್ಕಕ್ಕೆ ಕೊರೆಯುವುದು ಹೆಚ್ಚುತ್ತದೆ, ಕಣಿವೆ ಅಗಲವಾಗುತ್ತದೆ, ನದಿ ಅಂಕುಡೊಂಕಾಗುತ್ತದೆ. ಕೊನೆಯದು ವೃದ್ಧಾಪ್ಯ. ಹೊತ್ತು ತಂದ ಮೆಕ್ಕಲನ್ನು ಇನ್ನು ಹೊರಲಾರದೆ ಅಲ್ಲಲ್ಲಿ ಇಳಿಸುತ್ತ, ಮುಖಜಭೂಮಿಯನ್ನು ರಚಿಸಿ ಕಡಲು ಸೇರುತ್ತದೆ. ಮನುಷ್ಯನ ಆಯುಷ್ಯದೊಂದಿಗೆ ಹೋಲಿಸಿದ್ದರಿಂದ ಮಕ್ಕಳಿಗೆ ಬೇಗ ಮನದಟ್ಟಾಗುತ್ತಿತ್ತು. ಈ ಹೋಲಿಕೆಯ ಮೂಲ ಅಮೆರಿಕದ ವಿಲಿಯಂ ಮೋರಿಸ್ ಡೇವಿಸ್ ಎಂಬ ಭೂಗೋಳಶಾಸ್ತ್ರಜ್ಞ. 1899ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆತ ಇದನ್ನು ವಿಸ್ತಾರವಾಗಿ ಮಂಡಿಸಿದ. ಆತ ಹೇಳಿದ್ದು ಮುಖ್ಯವಾಗಿ ಭೂಪ್ರದೇಶದ ವಯಸ್ಸಿನ ಮಾತು, ಕಾಲ ಕಳೆದಂತೆ ನೆಲವೇ ಹೇಗೆ ಸವೆಯುತ್ತದೆಂಬ ಮಾತು. ಶಾಲೆಯ ಪುಸ್ತಕಗಳಿಗೆ ಬರುವ ಹೊತ್ತಿಗೆ ಅದು ಉಗಮದಿಂದ ಸಂಗಮದವರೆಗಿನ ಮೂರು ತುಂಡುಗಳಾಗಿ ಚಿಕ್ಕದಾಗಿತ್ತು. ಈ ವಿಷಯ ನನಗೆ ತಿಳಿದದ್ದು ಪಾಠ ಹೇಳುವುದನ್ನು ನಿಲ್ಲಿಸಿದ ಮೇಲೆ.

1991ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಗೆ ‘ನದಿಯ ಮೂರು ಹಂತಗಳನ್ನು ವಿವರಿಸಿ’ ಎಂದು ಐದು ಅಂಕದ ಪ್ರಶ್ನೆ ಕೊಟ್ಟಿದ್ದೆ. ಹಿನ್ನೀರಿನ ಆಚೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬನಿದ್ದ. ಶನಿವಾರ ಲಾಂಚಿನಲ್ಲಿ ಹೊಳೆ ದಾಟಿ ಮನೆಗೆ ಹೋಗಿ ಸೋಮವಾರ ತಡವಾಗಿ ಬರುವ ಹುಡುಗ. ಹೆಸರು ಬೇಡ, ಆ ತರಗತಿಯವರಿಗೆ ಯಾರೆಂದು ತಿಳಿಯುತ್ತದೆ. ಅವನು ಬರೆದ ಉತ್ತರ ಮುಕ್ಕಾಲು ಪುಟವಷ್ಟೆ. ನಮ್ಮ ಹೊಳೆ ಮೊದಲು ನಿಧಾನವಾಗಿ ಹೋಗುತ್ತದೆ, ಅಲ್ಲಿ ಗದ್ದೆಗಳಿದ್ದವು, ಆಮೇಲೆ ಜೋಗದಲ್ಲಿ ಹಾರುತ್ತದೆ, ಆದ್ದರಿಂದ ನಮ್ಮ ಹೊಳೆಗೆ ಮೊದಲು ಮುಪ್ಪು, ಆಮೇಲೆ ಯೌವನ, ಮುಖಜಭೂಮಿ ಇಲ್ಲ – ಹೆಚ್ಚುಕಡಿಮೆ ಇದೇ ಅದರ ಅರ್ಥ. ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ. ಅಷ್ಟಕ್ಕೇ ಬಿಡಲಿಲ್ಲ. ಉತ್ತರಪತ್ರಿಕೆ ಹಂಚುವ ದಿನ ಅದನ್ನು ಗಟ್ಟಿಯಾಗಿ ಓದಿ, “ಇವನ ಹೊಳೆ ಅಜ್ಜನಾಗಿ ಹುಟ್ಟಿ ಮೊಮ್ಮಗನಾಗಿ ಸಾಯುತ್ತದಂತೆ” ಎಂದೆ. ತರಗತಿ ನಕ್ಕಿತು. ಮಕ್ಕಳನ್ನು ನಗಿಸಬಲ್ಲ ಮೇಷ್ಟ್ರೆಂಬ ಹೆಸರು ನನಗಿತ್ತಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ಇದನ್ನೇ ತಮಾಷೆಯೆಂದು ಅಮ್ಮನಿಗೆ ಹೇಳಿದೆ. ಅಮ್ಮ ನಗಲಿಲ್ಲ. ಸಾರು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು, “ಆ ಹುಡುಗ ಸರಿಯಾಗೇ ಬರ್ದಿದಾನಲ್ಲೋ. ನಮ್ಮೂರಲ್ಲಿ ಹೊಳೆ ಓಡಿದ್ದು ಯಾವಾಗ?” ಎಂದಳು.

ಅಮ್ಮನ ತವರು ಈಗ ಲಿಂಗನಮಕ್ಕಿ ಜಲಾಶಯದ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟೆ ಮುಗಿಯುವ ಮೊದಲೇ ಅಜ್ಜ ಎರಡು ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಹೊರಟುಬಂದದ್ದು. ಆಗ ನನಗೆ ಮೂರೋ ನಾಲ್ಕೋ ವರ್ಷ, ಏನೂ ನೆನಪಿಲ್ಲ. ಆದರೆ ಆ ಊರಿನ ವಿವರಗಳನ್ನು ಕೇಳುತ್ತಲೇ ಬೆಳೆದವನು ನಾನು. ಅಮ್ಮ ‘ನದಿ’ ಎಂದಾಗಲೀ ‘ಶರಾವತಿ’ ಎಂದಾಗಲೀ ಹೇಳಿದ್ದನ್ನು ಕೇಳಿಲ್ಲ. ಅವಳಿಗೆ ಅದು ಹೊಳೆ. ಬೇಸಿಗೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ದಾಟಿ ಆಚೆ ದಂಡೆಯ ನೆಂಟರ ಮನೆಗೆ ಹೋಗುತ್ತಿದ್ದರಂತೆ. ಮಳೆಗಾಲದಲ್ಲಿ ಹೊಳೆ ಗದ್ದೆಗೆ ಬರುತ್ತಿತ್ತು, ಬಂದು ಎರಡು ಮೂರು ದಿನ ನಿಂತು ಹೋಗುತ್ತಿತ್ತು, ಹೋಗುವಾಗ ಗೋಡು ಬಿಟ್ಟು ಹೋಗುತ್ತಿತ್ತು. ಆ ಗೋಡುಮಣ್ಣಿನ ಗದ್ದೆಗೆ ಗೊಬ್ಬರ ಹಾಕುವ ಪ್ರಮೇಯವೇ ಇರಲಿಲ್ಲ ಎಂದು ಅವಳ ಹೆಮ್ಮೆ.

ಇನ್ನೊಂದು ಕಥೆಯೂ ಇತ್ತು. ಅಜ್ಜನ ಗದ್ದೆ ಇದ್ದದ್ದು ಹೊಳೆಯ ತಿರುವಿನ ಹೊರಮಗ್ಗುಲಲ್ಲಿ. ಪ್ರತಿ ಮಳೆಗಾಲಕ್ಕೂ ದಂಡೆ ಒಂದಿಷ್ಟು ಕುಸಿಯುತ್ತಿತ್ತು. ಅಜ್ಜ ವಾಟೆ ನೆಟ್ಟ, ಬಿದಿರು ನೆಟ್ಟ, ಕಲ್ಲು ಒಟ್ಟಿದ, ಹೊಳೆ ಕೇಳಲಿಲ್ಲ. ಅತ್ತ ಎದುರು ದಂಡೆಯಲ್ಲಿ ಮಾತ್ರ ವರ್ಷವರ್ಷವೂ ಮರಳು ಕೂಡಿ, ಮರಳಿನ ಮೇಲೆ ಹುಲ್ಲು ಹುಟ್ಟಿ, ಹುಲ್ಲಿನ ಮೇಲೆ ಗೋಡು ನಿಂತು ಹೊಸ ನೆಲ ಎದ್ದಿತು. ಅದನ್ನು ಆ ದಂಡೆಯವರು ಹಸನು ಮಾಡಿ ಬಿತ್ತಿದರು. ಅದು ತನ್ನ ಗದ್ದೆಯದೇ ಮಣ್ಣೆಂದು ಅಜ್ಜನ ವಾದ, ಹೊಳೆ ಕೊಟ್ಟದ್ದೆಂದು ಅವರ ವಾದ. ಎರಡು ಮನೆಗಳ ನಡುವೆ ಬಹುಕಾಲ ಮಾತಿರಲಿಲ್ಲ. ತಿರುವಿನ ಹೊರಮಗ್ಗುಲಲ್ಲಿ ನೀರಿಗೆ ವೇಗ ಹೆಚ್ಚು, ಅಲ್ಲಿ ಸವೆತ. ಒಳಮಗ್ಗುಲಲ್ಲಿ ವೇಗ ಕಡಿಮೆ, ಅಲ್ಲಿ ಸಂಚಯನ. ನಾನು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದದ್ದು ಇದನ್ನೇ. (ಅಜ್ಜನ ಮಣ್ಣು ನೇರವಾಗಿ ಎದುರು ದಂಡೆಗೆ ಹೋಗಿರುವುದು ಕಡಿಮೆ; ಹೆಚ್ಚಿನದು ಕೆಳಗಿನ ತಿರುವುಗಳಲ್ಲಿ ಯಾರದೋ ಗದ್ದೆಯಾಗಿರಬೇಕು. ಎದುರಿನವರು ಪಡೆದದ್ದು ಮೇಲಿನ ಊರಿನವರ ಮಣ್ಣು. ಪಾಪ, ಇದನ್ನು ಅಜ್ಜನಿಗೆ ಹೇಳುವವರು ಯಾರೂ ಇರಲಿಲ್ಲ.) ಕೊನೆಗೆ ಎರಡು ದಂಡೆಗಳೂ ಒಟ್ಟಿಗೇ ಮುಳುಗಿದವು.

ಇಷ್ಟೆಲ್ಲ ಕೇಳಿ ಬೆಳೆದ ನನಗೆ, ಆ ಊರಿದ್ದದ್ದು ಜೋಗಕ್ಕಿಂತ ಮೇಲೆ, ಅಂದರೆ ಪುಸ್ತಕದ ಲೆಕ್ಕದಲ್ಲಿ ‘ಯೌವನ’ದ ಭಾಗದಲ್ಲಿ ಎಂಬುದು ಒಮ್ಮೆಯೂ ಹೊಳೆಯಲಿಲ್ಲ. ಅಮ್ಮ ಹೇಳಿದ ಮೇಲೆ ಹೊಳೆಯಿತು. ಆದರೆ ಮರುದಿನ ಶಾಲೆಗೆ ಹೋಗಿ ಆ ಸೊನ್ನೆಯನ್ನು ತಿದ್ದಲಿಲ್ಲ. ಮೌಲ್ಯಮಾಪನ ಮುಗಿದಿತ್ತು, ಅಂಕಪಟ್ಟಿ ಕಚೇರಿಗೆ ಹೋಗಿತ್ತು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಅಂಕಪಟ್ಟಿ ಇನ್ನೂ ನನ್ನ ಚೀಲದಲ್ಲಿಯೇ ಇತ್ತು.

ನಿವೃತ್ತಿಯ ನಂತರ, 2022ರ ನವೆಂಬರಿನಲ್ಲಿ, ತಂಗಿಯ ಮಗನ ಕಾರಿನಲ್ಲಿ ಶರಾವತಿಯನ್ನು ಉಗಮದಿಂದ ಕಡಲಿನವರೆಗೆ ನೋಡಿ ಬಂದೆ. ಇಡೀ ಹೊಳೆಯ ಉದ್ದ ಸುಮಾರು 130 ಕಿ.ಮೀ. ಮನಸ್ಸು ಮಾಡಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಎರಡು ದಿನದ ಪ್ರವಾಸದಲ್ಲಿ ತೋರಿಸಬಹುದಿತ್ತು. ನಾವೋ ಪ್ರತಿವರ್ಷ ಬೇಲೂರು, ಹಳೇಬೀಡು, ಮೈಸೂರು ಎಂದು ಬಸ್ಸು ಹತ್ತಿಸುತ್ತಿದ್ದೆವು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹೊಳೆ ಹುಟ್ಟುತ್ತದೆ. ಸೀತೆಯ ಬಾಯಾರಿಕೆ ತಣಿಸಲು ರಾಮ ಅಂಬು ಹೂಡಿ ನೆಲ ಸೀಳಿದನೆಂಬ ಐತಿಹ್ಯದಿಂದ ಅಂಬುತೀರ್ಥ, ಶರಾವತಿ ಎಂಬ ಹೆಸರುಗಳು. ಕಾಡಿನ ನಡುವೆ ಪುಟ್ಟ ಗುಡಿ, ಸಣ್ಣ ಕೊಳ, ಅಲ್ಲಿಂದ ಹೊರಡುವ ನೀರು ಒಂದು ಹೆಜ್ಜೆಗೆ ದಾಟುವಷ್ಟು. ಮೊದಮೊದಲು ಇಕ್ಕಟ್ಟಾದ ಹಳ್ಳ, ಕಲ್ಲುಬಂಡೆ. ಪುಸ್ತಕದ ಮಾತು ಅಲ್ಲಿ ಸುಳ್ಳಲ್ಲ. ಆದರೆ ಬಹಳ ಬೇಗ ಗುಡ್ಡಗಳು ದೂರ ಸರಿಯುತ್ತವೆ. ಹೊಸನಗರದ ಕಡೆಗೆ ಬಂದಂತೆ ಅಗಲವಾದ ಕಣಿವೆ, ಗುಡ್ಡದ ಬುಡದಲ್ಲಿ ಅಡಿಕೆ ತೋಟ, ತೋಟದ ಕೆಳಗೆ ಗದ್ದೆ. ಹರಿದ್ರಾವತಿ, ಎಣ್ಣೆಹೊಳೆಗಳಂತಹ ಉಪನದಿಗಳು ಬಂದು ಸೇರುತ್ತವೆ. ಹಿನ್ನೀರು ಆರಂಭವಾಗುವವರೆಗೆ ಮೂರು ನಾಲ್ಕು ಕಡೆ ಇಳಿದು ನೋಡಿದೆ. ದಂಡೆಯ ಒಂದು ಮಗ್ಗುಲು ಕಡಿದು ನಿಂತಿರುತ್ತದೆ, ಬೇರುಗಳು ಗಾಳಿಗೆ ಜೋತುಬಿದ್ದಿರುತ್ತವೆ. ಇನ್ನೊಂದು ಮಗ್ಗುಲಲ್ಲಿ ಇಳಿಜಾರಾದ ಮರಳು, ಮರಳಿನ ಮೇಲೆ ದನಗಳ ಗೊರಸು. ಅಜ್ಜನ ಗದ್ದೆಯ ಜಗಳ ಅಲ್ಲಿ ಇನ್ನೂ ನಡೆದೇ ಇತ್ತು.

ಆಮೇಲೆ ಹಿನ್ನೀರು. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟಕ್ಕಿಂತ 1819 ಅಡಿ, ಸಂಗ್ರಹ ಸುಮಾರು 151 ಟಿ.ಎಂ.ಸಿ. ಇಷ್ಟು ನೀರು ಇಷ್ಟು ಅಗಲ ಹರಡಿ ನಿಂತಿದೆಯೆಂದರೆ ಅದರ ಕೆಳಗಿನ ಕಣಿವೆ ಎಷ್ಟು ಸಮತಟ್ಟಾಗಿದ್ದಿರಬೇಕು! ಕಡಿದಾದ ‘ವಿ’ ಕಣಿವೆಯಾಗಿದ್ದರೆ ಇಷ್ಟೊಂದು ಊರುಗಳು ಮುಳುಗುತ್ತಿರಲಿಲ್ಲ. ಅಲ್ಲಿ ಊರುಗಳೇ ಇರುತ್ತಿರಲಿಲ್ಲ. ಹುಡುಗನ ಉತ್ತರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅದರ ದಂಡೆಯ ಮೇಲೆಯೇ ಮೂರು ದಶಕ ಓಡಾಡಿದವನು ನಾನು.

ಅಣೆಕಟ್ಟು ನದಿಗೆ ಒಂದು ಸುಳ್ಳು ಸಮುದ್ರ. ಹರಿದು ಬಂದ ನೀರು ನಿಂತ ನೀರನ್ನು ಸೇರಿದೊಡನೆ ಹೊತ್ತ ಹೊರೆಯನ್ನು ಇಳಿಸುತ್ತದೆ. ಭಾರದ ಕಲ್ಲು ಮರಳು ಮೊದಲು, ನಯವಾದ ಗೋಡು ಆಮೇಲೆ. 2003ರ ಬೇಸಿಗೆಯಲ್ಲಿ, ಸತತ ಬರದಿಂದ ಜಲಾಶಯ ಇಳಿದಿದ್ದಾಗ, ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನೀರು ತೀರ ಇಳಿದಾಗ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದು ಕಾಣುತ್ತದೆ. 1948ರಲ್ಲಿ ಆರಂಭವಾದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ ಅಣೆಕಟ್ಟೆ ಅದು. ಹದಿನಾರು ವರ್ಷಗಳಲ್ಲಿ ಅದನ್ನೇ ಹೊಸ ಜಲಾಶಯ ನುಂಗಿತು. ಅಮ್ಮನಿಗೆ ಅಣೆಕಟ್ಟೆಯಲ್ಲಿ ಆಸಕ್ತಿಯಿರಲಿಲ್ಲ. ಬಿರುಕುಬಿಟ್ಟ ಬೂದು ಕೆಸರಿನ ಬಯಲಿನಲ್ಲಿ, ಕರಿಯ ಮರದ ಬೊಡ್ಡೆಗಳ ನಡುವೆ, ದಿಕ್ಕು ಹುಡುಕುತ್ತ ಬಹಳ ಹೊತ್ತು ನಿಂತಳು. ಊರಿನ ಜಾಗ ಗುರುತು ಹತ್ತಲಿಲ್ಲ. ಬಗ್ಗಿ ಒಂದು ಹೆಂಟೆ ಮಣ್ಣು ತೆಗೆದು ಪುಡಿಮಾಡಿ ನೋಡಿ, “ಒಳ್ಳೇ ಗೋಡು. ಯಾರಿಗೂ ಬರ್ಲಿಲ್ಲ” ಎಂದಳು. ಮನೆಗೆ ಬರುವವರೆಗೆ ಬೇರೆ ಮಾತಾಡಲಿಲ್ಲ. ಅವಳು ತೀರಿಕೊಂಡು ಈಗ ಹನ್ನೊಂದು ವರ್ಷ.

ಜೋಗವನ್ನು ನಾನು ವರ್ಣಿಸುವ ಅಗತ್ಯವಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆ, 830 ಅಡಿ. ಪುಸ್ತಕದಲ್ಲಿ ಜಲಪಾತದ ಚಿತ್ರವೆಂದರೆ ಮೇಲೆ ಗಟ್ಟಿ ಶಿಲೆ, ಕೆಳಗೆ ಮೆದು ಶಿಲೆ, ಮೆದುವಾದದ್ದು ಸವೆದು ಮೇಲಿನದು ಕಳಚಿ ಬೀಳುತ್ತ ಜಲಪಾತ ಹಿಂದೆ ಸರಿಯುವುದು. ನಯಾಗರಕ್ಕೆ ಅದು ಒಪ್ಪುತ್ತದೆ. ಇಲ್ಲಿ ನೀರು ಸೆಣಸುವುದು ಗಟ್ಟಿ ಬಂಡೆಯೊಂದಿಗೆ. ಅದು ಬಿರುಕುಗಳ ಗುಂಟ ಸಡಿಲಾಗಿ ತುಂಡು ತುಂಡಾಗಿ ಕಳಚುತ್ತದೆ. ಹೊಳೆಯ ಪಾತ್ರದ ಬಂಡೆಗಳಲ್ಲಿ ಒರಳಿನಂತಹ ಗುಂಡಿಗಳನ್ನು ನೋಡಿದ್ದೀರಲ್ಲ? ಸುಳಿಗೆ ಸಿಕ್ಕ ಕಲ್ಲೊಂದು ಕುಳಿಯಲ್ಲಿ ಗಿರಗಿರನೆ ತಿರುಗಿ ಮಳೆಗಾಲಗಳಗಟ್ಟಲೆ ಅರೆದರೆ ಆಗುವುದು ಅದು. ಎಷ್ಟೋ ಗುಂಡಿಗಳಲ್ಲಿ ಆ ರುಬ್ಬುಗುಂಡು ಇನ್ನೂ ಕುಳಿತಿರುತ್ತದೆ. ಈಗ ವರ್ಷದ ಬಹುಭಾಗ ನೀರು ಕೊಳವೆಯಲ್ಲಿ ಇಳಿದು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ; ಕಲ್ಲು ಅರೆಯುವ ಕೆಲಸಕ್ಕೆ ಮಳೆಗಾಲದ ಕೆಲವು ವಾರಗಳು ಮಾತ್ರ.

ಹಾಗಾದರೆ ನಮ್ಮ ಹೊಳೆಗೇಕೆ ವಯಸ್ಸು ತಿರುಗುಮುರುಗಾಯಿತು? ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಮಡಗಾಸ್ಕರಿನಿಂದ ಬೇರ್ಪಟ್ಟಿತು. ಹರಿದುಹೋದ ಆ ಪಶ್ಚಿಮದ ಅಂಚು ಎತ್ತರವಾಗಿ ನಿಂತಿತು, ಪ್ರಸ್ಥಭೂಮಿ ಪೂರ್ವಕ್ಕೆ ವಾಲಿತು. ಆದ್ದರಿಂದಲೇ ತುಂಗೆ, ಭದ್ರೆ, ಕಾವೇರಿ ಎಲ್ಲವೂ ಅರಬ್ಬೀ ಸಮುದ್ರಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ನಡೆದವು. ಸಾಗರದ ಪಕ್ಕದಲ್ಲಿಯೇ ಹುಟ್ಟುವ ವರದೆಯನ್ನು ನೋಡಿ; ಅಷ್ಟು ಹತ್ತಿರದಲ್ಲಿ ಹುಟ್ಟಿಯೂ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಆದರೆ ಘಟ್ಟದ ಪಶ್ಚಿಮದ ಮುಖದಲ್ಲಿ ಮಳೆ ಹೆಚ್ಚು, ಇಳಿಜಾರು ಕಡಿದು. ಅಲ್ಲಿಯ ಹಳ್ಳಗಳು ತಮ್ಮ ತಲೆಯ ಕಡೆಗೆ ಕೊರೆಯುತ್ತ ಹಿಂದಕ್ಕೆ, ಪೂರ್ವಕ್ಕೆ, ಸರಿಯುತ್ತವೆ. ಕೊರೆಯುತ್ತ ಬಂದ ಅಂತಹ ಹಳ್ಳವೊಂದು ಘಟ್ಟದ ನೆತ್ತಿ ದಾಟಿ ಮೇಲಿನ ಹೊಳೆಯನ್ನು ತನ್ನತ್ತ ಸೆಳೆದುಕೊಳ್ಳುವುದೂ ಉಂಟು. ಇದಕ್ಕೆ ನದಿಯ ಅಪಹರಣ ಎನ್ನುತ್ತಾರೆ. ಶರಾವತಿಯ ವಿಷಯದಲ್ಲಿಯೂ ಹೀಗೆಯೇ ಆಗಿರಬೇಕೆಂದು ಕೆಲವು ಭೂವಿಜ್ಞಾನಿಗಳ ಅಭಿಪ್ರಾಯ. ಮೇಲಿನ ಭಾಗ ಹಳೆಯ ಪ್ರಸ್ಥಭೂಮಿಯ ಮೇಲೆ ಹಳೆಯ ನಡಿಗೆಯಲ್ಲಿ ನಡೆಯುತ್ತಿದೆ, ಕೆಳಗಿನ ಭಾಗ ಇನ್ನೂ ಕಮರಿ ಕೊರೆಯುತ್ತಿದೆ, ಎರಡೂ ಸಂಧಿಸುವ ಮೆಟ್ಟಿಲು ಜೋಗ. ಇಂತಹ ಮರುಹುಟ್ಟಿಗೆ ಪುನರ್ಯೌವನ ಎಂಬ ಹೆಸರೇ ಇದೆ. ಡೇವಿಸನೂ ಅದನ್ನು ಬಲ್ಲವನೇ. ಹದಿನಾಲ್ಕು ವರ್ಷದ ಹುಡುಗ ಆ ಪದ ತಿಳಿಯದೆ ಸಂಗತಿಯನ್ನು ಮಾತ್ರ ಬರೆದಿದ್ದ.

ಮುಖಜಭೂಮಿ ಇಲ್ಲವೆಂದೂ ಬರೆದಿದ್ದನಲ್ಲ, ಅದೂ ಸರಿಯೇ. ಗೇರುಸೊಪ್ಪೆಗೆ ಇಳಿಯುವ ಹೊತ್ತಿಗೆ ಹೊಳೆ ಹೆಚ್ಚುಕಡಿಮೆ ಸಮುದ್ರಮಟ್ಟಕ್ಕೆ ಬಂದಿರುತ್ತದೆ. ಅಲ್ಲಿಂದ ಹೊನ್ನಾವರದವರೆಗೆ ಅದಕ್ಕೆ ಇಳಿಯಲು ಇಳಿಜಾರೇ ಇಲ್ಲ. ಹಿಂದೆ ದೋಣಿಗಳು ಕಡಲಿನಿಂದ ಗೇರುಸೊಪ್ಪೆಯವರೆಗೆ ಬರುತ್ತಿದ್ದವು. ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಸಂಪತ್ತು ಈ ನೀರಿನ ದಾರಿಯಲ್ಲಿಯೇ ಸಾಗಿದ್ದು. ಕಾವೇರಿ, ಕೃಷ್ಣೆಯರಂತೆ ವಿಸ್ತಾರವಾದ ಮುಖಜಭೂಮಿ ಕಟ್ಟುವಷ್ಟು ಮಣ್ಣು ಈ ಗಿಡ್ಡ ಹೊಳೆಯಲ್ಲಿಲ್ಲ. ತಂದ ಮಣ್ಣನ್ನೂ ಮುಂಗಾರಿನ ತೆರೆಗಳು ನಿಲ್ಲಗೊಡುವುದಿಲ್ಲ. ಹೀಗಾಗಿ ಇಲ್ಲಿರುವುದು ಅಳಿವೆ. ಆದರೂ ಕಟ್ಟುವ ಕೆಲಸ ಅಷ್ಟಿಷ್ಟು ನಡೆದಿದೆ. ಮಾವಿನಕುರ್ವೆ, ಪಾವಿನಕುರ್ವೆ ಎಂಬ ಊರುಗಳ ಹೆಸರಿನಲ್ಲಿರುವ ‘ಕುರ್ವೆ’ ಎಂದರೆ ಹೊಳೆಯ ನಡುಗಡ್ಡೆ. ತೆಂಗು, ಮನೆ, ಗದ್ದೆ ಎಲ್ಲ ಇರುವ ನೆಲ.

ತಂಗಿಯನ್ನು ಕೊಟ್ಟದ್ದು ಹೊನ್ನಾವರದ ಬಳಿ. ಅವಳ ಗಂಡ, ನಮ್ಮ ಭಾವನೋರು, ಆ ದಿನ ಸಂಜೆ ಕಾಸರಕೋಡಿನ ದಂಡೆಗೆ ಕರೆದುಕೊಂಡು ಹೋದರು. ಎರಡು ಕಿ.ಮೀ.ಗೂ ಉದ್ದದ ಕೊಂಕಣ ರೈಲಿನ ಸೇತುವೆ ಒಂದು ಕಡೆ, ಕಡಲು ಇನ್ನೊಂದು ಕಡೆ, ನಡುವೆ ನಾಲಿಗೆಯಂತೆ ಚಾಚಿದ ಮರಳದಿಣ್ಣೆ. “ಈ ಅಳಿವೆಬಾಯಿ ಒಂದೇ ಕಡೆ ಇರೂದಲ್ಲ ಮಾರಾಯ್ರೇ. ನಾ ಸಣ್ಣವ ಇದ್ದಾಗ ಇದ್ದಲ್ಲಿ ಈಗಿಲ್ಲ” ಎಂದರು. ಹೊಳೆ ಹೊರಕ್ಕೆ ತಳ್ಳುವುದು, ಕಡಲು ಒಳಕ್ಕೆ ತಳ್ಳುವುದು, ಇಬ್ಬರ ನಡುವೆ ಮರಳು ಸ್ಥಳ ಬದಲಿಸುವುದು. ದೋಣಿಯವರಿಗೆ ಪ್ರತಿ ಮಳೆಗಾಲದ ಅನಂತರವೂ ಹೊಸ ದಾರಿ ಹುಡುಕುವ ಫಜೀತಿ. ಅವರು ಇನ್ನೊಂದು ಮಾತು ಹೇಳಿದರು. ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಬಿಡುವುದರಿಂದ ಬೇಸಿಗೆಯಲ್ಲಿ ಹೊಳೆಗೆ ಹಿಂದಿನಂತೆ ಉಪ್ಪು ಏರುವುದಿಲ್ಲ, ಉಪ್ಪುನೀರಿನ ಚಿಪ್ಪಿ, ಮೀನುಗಳು ಕಡಿಮೆಯಾಗಿವೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಈಗಲೂ ಅವು ಹೇರಳ. ಸಂಶೋಧಕರ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಅಮ್ಮನ ಕೈಯಲ್ಲಿ ಪುಡಿಯಾದ ಆ ಹೆಂಟೆ ನೆನಪಾಯಿತು. ಅದು ಇಲ್ಲಿಗೆ ಬರಬೇಕಾಗಿದ್ದ ಮಣ್ಣು.

ಹಿನ್ನೀರಿನ ಜನ ಅರವತ್ತು ವರ್ಷ ಕಾದಿದ್ದ ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ಉದ್ಘಾಟನೆಯಾಯಿತು. ಆ ದಿನ ಟಿ.ವಿ.ಯಲ್ಲಿ ಅದನ್ನು ನೋಡುತ್ತಿದ್ದಾಗ, ಸೋಮವಾರ ಬೆಳಿಗ್ಗೆ ಲಾಂಚಿಗೆ ಕಾದು, ತಡವಾಗಿ ಬಂದು, ಬಾಗಿಲಲ್ಲಿ ನಿಂತು “ಒಳಗೆ ಬರ್ಲಾ ಸಾರ್” ಎನ್ನುತ್ತಿದ್ದ ಹುಡುಗ ಕಣ್ಣಮುಂದೆ ಬಂದ. ಆ ಉತ್ತರಪತ್ರಿಕೆಯ ಅನಂತರ ಅವನು ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ನೆನಪಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪುಸ್ತಕದಲ್ಲಿದ್ದಂತೆಯೇ ಬರೆದು ಐದಕ್ಕೆ ನಾಲ್ಕು ತೆಗೆದುಕೊಂಡ. ಅದನ್ನು ನಾನು ಸುಧಾರಣೆ ಎಂದುಕೊಂಡೆ.

1991–92ರ ಒಂಬತ್ತನೆಯ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನ ಫೋನ್ ನಂಬರು ನಿಮ್ಮಲ್ಲಿದ್ದರೆ, ದಯವಿಟ್ಟು ನನಗೆ ತಿಳಿಸಿ. ಅವನು ಒಪ್ಪಿದರೆ ಈ ಮಳೆ ನಿಂತ ಮೇಲೆ ಅಂಬುತೀರ್ಥಕ್ಕೆ ಹೋಗಿ, ಅಲ್ಲಿಂದ ಹೊಳೆಯ ಗುಂಟ ಇಳಿದು ಬರಬೇಕೆಂದಿದ್ದೇನೆ. ಈ ಬಾರಿ ಸೇತುವೆಯ ಮೇಲೆ ಹೋಗೋಣ. ಪಾಠ ಅವನೇ ಹೇಳಲಿ.